ಒಂದೇ ಮನೆಯಲ್ಲಿ ಒಂದೇ ನಂಬರಿನ ಎರಡು ಫೋನು

2018ರ ಗೌರಿ ಹಬ್ಬಕ್ಕೆ ತುಮಕೂರಿನಿಂದ ದೊಡ್ಡಮ್ಮ ಬಂದರು. ಅವರು ಬಂದ ಅರ್ಧ ಗಂಟೆಗೆ ಹನುಮಂತನಗರದ ನಮ್ಮ ಮನೆಯ ವೈಫೈ ಕೆಟ್ಟಿತು.

ಪೂರ್ತಿ ಕೆಟ್ಟಿದ್ದರೆ ಸುಲಭವಿತ್ತು. ನನ್ನ ಲ್ಯಾಪ್‌ಟಾಪ್ ಚೆನ್ನಾಗಿತ್ತು, ಟೀವಿಯೂ ಚೆನ್ನಾಗಿತ್ತು. ತೊಂದರೆ ಅಮ್ಮನ ಫೋನಿಗೆ ಮತ್ತು ದೊಡ್ಡಮ್ಮನ ಫೋನಿಗೆ ಮಾತ್ರ. ಅಮ್ಮ ಅಡುಗೆ ಮನೆಯಲ್ಲಿ ದೇವರನಾಮ ಹಾಕಿಕೊಂಡರೆ ಹಾಲಿನಲ್ಲಿ ದೊಡ್ಡಮ್ಮನ ವಿಡಿಯೋ ಕಾಲ್ ಕಲ್ಲಾಗಿ ನಿಲ್ಲುತ್ತಿತ್ತು. ದೊಡ್ಡಮ್ಮ ಕಟ್ ಮಾಡಿ ಮತ್ತೆ ಕಾಲ್ ಮಾಡಿದರೆ ಅಡುಗೆ ಮನೆಯ ಹಾಡು ನಡುವೆಯೇ ನಿಲ್ಲುತ್ತಿತ್ತು. ಹೋಳಿಗೆ ಲಟ್ಟಿಸುವ ಕೈಯಲ್ಲೇ ಅಮ್ಮ ಬಂದು, 'ಏನೋ ಮಾಡಿದ್ಯಲ್ಲ ಈ ಫೋನಿಗೆ, ಅವತ್ತಿಂದಲೇ ಹಿಂಗೆ' ಅಂದರು. ಅವತ್ತಿಂದ ಅನ್ನೋದು ಸುಳ್ಳು. ನಾನು ಏನೋ ಮಾಡಿದ್ದು ಮಾತ್ರ ನಿಜ.

ಇಬ್ಬರದೂ ಒಂದೇ ಮಾಡೆಲ್ ಫೋನು, ಒಟ್ಟಿಗೇ ಕೊಂಡದ್ದು. ಕಂಪನಿಯವರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಬಹಳ ದಿನವಾಗಿತ್ತು. ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಬೇಕೆಂದರೆ ಒಂದೇ ದಾರಿ, ಕಸ್ಟಮ್ ರೋಮ್. ಅಂದರೆ ಕಂಪನಿಯ ಸಾಫ್ಟ್‌ವೇರ್ ಕಿತ್ತುಹಾಕಿ, ಹವ್ಯಾಸಿಗಳು ಆ ಮಾಡೆಲ್‌ಗೆಂದೇ ಹೊಂದಿಸಿಕೊಟ್ಟ ಆಂಡ್ರಾಯ್ಡನ್ನು ಕೂರಿಸುವುದು. ಜೂನ್‌ನಲ್ಲಿ ಅಮ್ಮನ ಫೋನಿಗೆ ಫ್ಲ್ಯಾಶ್ ಮಾಡಿದೆ. ಜುಲೈನಲ್ಲಿ ತುಮಕೂರಿಗೆ ಹೋದಾಗ ದೊಡ್ಡಮ್ಮನ ಫೋನಿಗೂ ಮಾಡಿದೆ. ಎರಡೂ ಹಗುರಾಗಿ ಓಡುತ್ತಿದ್ದವು, ನನಗೂ ಸ್ವಲ್ಪ ಹೆಮ್ಮೆ ಇತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಚಾನೆಲ್ ಬದಲಿಸಿದೆ. ಪಕ್ಕದ ಮನೆಯವರ ರೂಟರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಲ್ಯಾಪ್‌ಟಾಪ್‌ನಲ್ಲಿ 192.168.1.1 ಎಂಬ ರೂಟರಿನ ಪುಟ ತೆರೆದು, ಯಾವ ಯಾವ ಫೋನು ಸೇರಿವೆ ಎಂದು ರೂಟರ್ ತೋರಿಸುವ ಪಟ್ಟಿ ನೋಡಿದೆ. ಅಲ್ಲಿ ಎರಡು ಫೋನಿಗೆ ಒಂದೇ ಸಾಲು. ಅದೂ ಎಂಥಾ ಸಾಲು! ರಿಫ್ರೆಶ್ ಮಾಡಿದರೆ ಅಮ್ಮನ ಫೋನಿನ ಹೆಸರು, ಇನ್ನೊಮ್ಮೆ ಮಾಡಿದರೆ ದೊಡ್ಡಮ್ಮನ ಫೋನಿನ ಹೆಸರು. ಸಿಗ್ನಲ್ ಒಮ್ಮೆ ಹಾಲ್‌ನಲ್ಲಿ ಇರುವಷ್ಟು ಜೋರು, ಮರುಕ್ಷಣ ಅಡುಗೆ ಮನೆಯಲ್ಲಿ ಇರುವಷ್ಟು ಕಡಿಮೆ. ಹೆಸರಿನ ಪಕ್ಕದಲ್ಲಿದ್ದ ಹನ್ನೆರಡು ಅಕ್ಷರದ ವಿಳಾಸ ಮಾತ್ರ ಅಲುಗಾಡುತ್ತಿರಲಿಲ್ಲ.

ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ವೈಫೈ, ಬ್ಲೂಟೂತ್, ಲ್ಯಾನ್ ಕೇಬಲ್, ಯಾವುದರಿಂದ ಮಾತಾಡುವ ಯಂತ್ರಕ್ಕೂ ಇಂಥದ್ದೊಂದು ಇರುತ್ತದೆ. ಒಟ್ಟು 48 ಬಿಟ್, ಅಂದರೆ 0 ಅಥವಾ 1 ಕೂರುವ 48 ಮನೆ. ಬರೆಯುವಾಗ ಎರಡೆರಡು ಅಕ್ಷರದ ಆರು ಜೋಡಿ. 0ರಿಂದ 9ರವರೆಗಿನ ಅಂಕಿ ಸಾಲದೆ ಎ, ಬಿ, ಸಿ, ಡಿ, ಇ, ಎಫ್‌ಗಳನ್ನೂ ಅಂಕಿಯಂತೆ ಬಳಸುತ್ತಾರೆ. ಮೊದಲ ಮೂರು ಜೋಡಿ ಕಂಪನಿಯ ಗುರುತು. ಅದನ್ನು ಐಟ್ರಿಪಲ್‌ಇ ಎಂಬ ಸಂಸ್ಥೆ ಹಂಚುತ್ತದೆ. ಉಳಿದ ಮೂರು ಜೋಡಿಯನ್ನು ಕಂಪನಿಯವರೇ ಒಂದೊಂದು ಯಂತ್ರಕ್ಕೆ ಒಂದೊಂದರಂತೆ ಕೊಡುತ್ತಾರೆ. ಹೀಗೆ ಒಂದು ಗುರುತಿನ ಅಡಿಯಲ್ಲಿ 1,67,77,216 ಯಂತ್ರಗಳಿಗೆ ವಿಳಾಸ ಸಿಗುತ್ತದೆ.

ಇಷ್ಟು ಉದ್ದದ ನಂಬರ್ ಯಾಕೆ? 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ ಈಥರ್ನೆಟ್ ಹುಟ್ಟಿದಾಗ ವಿಳಾಸ ಇದ್ದದ್ದು ಬರೀ 8 ಬಿಟ್. ಅಂದರೆ 256 ನಂಬರು, ಅಷ್ಟೇ. ಯಾವ ಕಂಪ್ಯೂಟರಿಗೆ ಯಾವುದು ಎಂದು ಯಾರಾದರೂ ಕೂತು ಹಂಚಬೇಕಿತ್ತು. ಇದು ಬೇಡ, ಕಾರ್ಖಾನೆಯಿಂದಲೇ ಜಗತ್ತಿನಲ್ಲಿ ಒಂದೇ ಒಂದು ಎನ್ನುವಂಥ ನಂಬರ್ ಹೊತ್ತು ಬರಲಿ ಎಂದು 48 ಬಿಟ್ಟಿನ ಪದ್ಧತಿ ಬಂತು. ಇದರ ತರ್ಕವನ್ನು 1981ರ ಪ್ರಬಂಧದಲ್ಲಿ ವಿವರಿಸಿದ ಇಬ್ಬರಲ್ಲಿ ಒಬ್ಬರು ಯೋಗೇನ್ ದಲಾಲ್, ಬಾಂಬೆ ಐಐಟಿಯಲ್ಲಿ ಓದಿದವರು. 48 ಬಿಟ್ ಎಂದರೆ ಸುಮಾರು 281 ಲಕ್ಷ ಕೋಟಿ ವಿಳಾಸ. ಇಷ್ಟಿರುವಾಗ ನಮ್ಮ ಮನೆಯ ಎರಡು ಫೋನಿಗೆ ಒಂದೇ ಬರುವುದು ಹೇಗೆ?

ಖಚಿತ ಮಾಡಿಕೊಳ್ಳಲು ಒಂದು ಆಪ್ ಹಾಕಿ ನೋಡಿದೆ. ಅಮ್ಮನ ಫೋನಿನಲ್ಲಿ 02:00:00:00:00:00. ದೊಡ್ಡಮ್ಮನದರಲ್ಲೂ 02:00:00:00:00:00. ಸಿಕ್ಕಿತು ಎಂದುಕೊಂಡು ಸುಮ್ನೆ ನನ್ನ ಫೋನಿನಲ್ಲೂ ನೋಡಿದೆ. ಅದರಲ್ಲೂ ಅದೇ! ಒಂದು ನಿಮಿಷ ತಲೆ ಕೆಟ್ಟುಹೋಯಿತು. ಆಮೇಲೆ ನೆನಪಾಯಿತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದೀಚೆಗೆ ಆಪ್‌ಗಳು ವಿಳಾಸ ಕೇಳಿದರೆ ಎಲ್ಲ ಫೋನೂ ಈ ಒಂದೇ ಹುಸಿ ಉತ್ತರ ಕೊಡುತ್ತವೆ. ವಿಳಾಸ ಹಿಡಿದು ಜನರ ಹಿಂದೆ ಬೀಳದಿರಲಿ ಎಂದು ಗೂಗಲ್ ಮಾಡಿದ ಏರ್ಪಾಡು ಇದು. ಹಾಗಾಗಿ ಈ ನಂಬರ್ ಕಂಡು ಗಾಬರಿಯಾಗಬೇಡಿ. ನೋಡಬೇಕಾದ್ದು ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಪುಟವನ್ನು, ಇಲ್ಲವೇ ರೂಟರಿನ ಪಟ್ಟಿಯನ್ನು.

ಸೆಟ್ಟಿಂಗ್ಸ್‌ನಲ್ಲಿ ಎರಡೂ ಫೋನು ಒಂದೇ ವಿಳಾಸ ಹೇಳಿದವು: 00, 0ಎ, ಎಫ್5, 89, 89, ಎಫ್‌ಎಫ್. ಮೊದಲ ಮೂರು ಜೋಡಿ ಯಾರದ್ದೆಂದು ಹುಡುಕಿದರೆ ಏರ್ಗೋ ನೆಟ್‌ವರ್ಕ್ಸ್ ಎಂದು ಬಂತು. ಅದು ವೈಫೈ ಚಿಪ್ ಮಾಡುತ್ತಿದ್ದ ಅಮೆರಿಕದ ಕಂಪನಿ. 2006ರ ಕೊನೆಯಲ್ಲಿ ಫೋನಿನ ಚಿಪ್ ಮಾಡುವ ಕ್ವಾಲ್‌ಕಾಮ್ ಅದನ್ನು ಕೊಂಡುಕೊಂಡಿತು. ಥಿಯೇಟರ್ ಕೆಡವಿ ಎಷ್ಟೋ ವರ್ಷವಾದರೂ ಬಸ್ ಸ್ಟಾಪಿಗೆ ಅದರ ಹೆಸರೇ ಉಳಿಯುತ್ತದಲ್ಲ, ಹಾಗೆ ಕ್ವಾಲ್‌ಕಾಮ್ ಚಿಪ್‌ಗಳ ಒಂದು ಸೆಟ್ಟಿಂಗ್ ಫೈಲಿನಲ್ಲಿ ಏರ್ಗೋ ಉಳಿದುಕೊಂಡಿದೆ. ಆ ಫೈಲಿನಲ್ಲಿ ಈ ವಿಳಾಸ ಒಂದು ಮಾದರಿ, ಅಷ್ಟೇ. ಅರ್ಜಿ ತುಂಬುವುದು ಹೇಗೆಂದು ತೋರಿಸಲು ಮೇಲೆ ಬರೆದಿರುವ ಹೆಸರಿನ ಹಾಗೆ.

ಮ್ಯಾಕ್ ವಿಳಾಸ ಚಿಪ್ಪಿನಲ್ಲಿ ಸುಟ್ಟು ಕೂರಿಸಿದ ನಂಬರು ಎಂದು ಓದಿದ್ದೇವೆ. ಹಳೆಯ ಲ್ಯಾನ್ ಕಾರ್ಡುಗಳಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು. ಫೋನಿನಲ್ಲಿ ಬಹಳ ಸಲ ಅದು ಸ್ಟೋರೇಜಿನ ಒಂದು ಮೂಲೆಯಲ್ಲಿ ಕೂತ ಪುಟ್ಟ ಫೈಲು. ಕ್ವಾಲ್‌ಕಾಮ್ ಚಿಪ್ಪಿನ ಅನೇಕ ಫೋನುಗಳಲ್ಲಿ 'ಪರ್ಸಿಸ್ಟ್' ಎಂಬ ಭಾಗದಲ್ಲಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ 'ಇಎಫ್‌ಎಸ್' ಎಂಬಲ್ಲಿ, ಇನ್ನೊಂದು ಚಿಪ್ ಕಂಪನಿ ಮೀಡಿಯಾಟೆಕ್‌ನಲ್ಲಿ 'ಎನ್‌ವಿರ್ಯಾಮ್' ಎಂಬಲ್ಲಿ. ಕಾರ್ಖಾನೆಯಲ್ಲಿ ಒಮ್ಮೆ ಬರೆದರೆ ಮುಗಿಯಿತು. ಫ್ಯಾಕ್ಟರಿ ರೀಸೆಟ್ ಮಾಡಿದರೂ ಅಲ್ಲಿಗೆ ಕೈ ಹೋಗುವುದಿಲ್ಲ. ಫೋನ್ ಆನ್ ಆಗುವಾಗ ಕಂಪನಿಯ ಸಾಫ್ಟ್‌ವೇರ್ ಆ ಫೈಲು ಓದಿ ವೈಫೈಗೆ ವಿಳಾಸ ಕೊಡುತ್ತದೆ. ನಾನು ಕೂರಿಸಿದ ರೋಮ್ ಆ ಫೈಲನ್ನು ಬೇರೆ ಜಾಗದಲ್ಲಿ ಹುಡುಕುತ್ತಿತ್ತು. ಸಿಗಲಿಲ್ಲ, ಮಾದರಿ ವಿಳಾಸವನ್ನೇ ಎತ್ತಿಕೊಂಡಿತು. ಆ ರೋಮ್ ಹಾಕಿಕೊಂಡ ಅದೇ ಮಾಡೆಲ್‌ನ ಎಲ್ಲರಿಗೂ ಹೀಗೇ ಆಗಿರಬೇಕು, ಅಲ್ವಾ?

ಈ ವಿಷಯದಲ್ಲಿ ಮೀಡಿಯಾಟೆಕ್ ಫೋನುಗಳು ಪ್ರಾಮಾಣಿಕ. ಎನ್‌ವಿರ್ಯಾಮ್ ಅಳಿಸಿಹೋದರೆ ವೈಫೈ ಪಟ್ಟಿಯಲ್ಲಿ ಅಕ್ಕಪಕ್ಕದ ಮನೆಗಳ ಹೆಸರಿನ ಜೊತೆಗೇ 'ಎನ್‌ವಿರ್ಯಾಮ್ ವಾರ್ನಿಂಗ್' ಎಂಬ ಇಲ್ಲದ ನೆಟ್‌ವರ್ಕೊಂದು ಕಾಣಿಸಿಕೊಳ್ಳುತ್ತದೆ. ಪಾಪ, ಇದು ಯಾರ ಮನೆಯ ವೈಫೈ ಎಂದು ಅದಕ್ಕೆ ಪಾಸ್‌ವರ್ಡ್ ಹಾಕಲು ಹೋದವರೂ ಇದ್ದಾರು.

ಎರಡು ತಿಂಗಳು ಎರಡೂ ಫೋನು ಒಂದೇ ವಿಳಾಸ ಹೊತ್ತು ಓಡಾಡಿದವು, ಏನೂ ಆಗಲಿಲ್ಲ. ಯಾಕೆಂದರೆ ಮ್ಯಾಕ್ ವಿಳಾಸ ಮನೆಯ ರೂಟರ್ ದಾಟಿ ಆಚೆ ಹೋಗುವುದೇ ಇಲ್ಲ. ಇಂಟರ್‌ನೆಟ್ಟಿಗೆ ಹೊರಟ ಸಂದೇಶದಿಂದ ರೂಟರ್ ಅದನ್ನು ತೆಗೆದು ತನ್ನ ವಿಳಾಸ ಹಾಕಿ ಕಳಿಸುತ್ತದೆ. ಬೆಂಗಳೂರಿನಲ್ಲಿ 8ನೇ ಕ್ರಾಸ್ ಇಲ್ಲದ ಬಡಾವಣೆ ಯಾವುದಿದೆ ಹೇಳಿ? ಮಲ್ಲೇಶ್ವರದಲ್ಲೂ ಇದೆ, ಜಯನಗರದಲ್ಲೂ ಇದೆ. ಪಿನ್ ಕೋಡ್ ಬೇರೆ ಇರುವವರೆಗೆ ಅಂಚೆಯವರಿಗೆ ಗೊಂದಲವಿಲ್ಲ. ಒಂದೇ ಬಡಾವಣೆಯಲ್ಲಿ ಎರಡು 8ನೇ ಕ್ರಾಸ್ ಆದರೆ ಕಾಗದ ಎಲ್ಲಿಗೆ ಹೋಗಬೇಕು? ಹಬ್ಬಕ್ಕೆ ದೊಡ್ಡಮ್ಮ ಬಂದಾಗ ನಮ್ಮ ಮನೆಯಲ್ಲಿ ಆದದ್ದು ಇದು.

ವೈಫೈಯಲ್ಲಿ ಜಗಳ ಇನ್ನೂ ಜೋರು. ಫೋನು ಸೇರಿಕೊಳ್ಳುವಾಗ ರೂಟರೂ ಅದೂ ಸೇರಿ ಒಂದು ತಾತ್ಕಾಲಿಕ ಕೀಲಿ ಮಾಡಿಕೊಳ್ಳುತ್ತವೆ. ಮುಂದಿನ ಮಾತೆಲ್ಲ ಆ ಕೀಲಿಯ ಗುಟ್ಟಿನಲ್ಲಿ. ಅಮ್ಮನ ಫೋನು ಸೇರಿತು, ಕೀಲಿ ಆಯಿತು. ಅದೇ ವಿಳಾಸ ಹೇಳಿಕೊಂಡು ದೊಡ್ಡಮ್ಮನ ಫೋನು ಬಂತು. ಅದೇ ಫೋನು ಹೋಗಿ ವಾಪಸ್ ಬಂದಿದೆ ಎಂದುಕೊಂಡ ರೂಟರ್ ಹಳೆಯ ಕೀಲಿ ಬಿಸಾಕಿ ಹೊಸದು ಮಾಡಿತು. ಅಮ್ಮನ ಫೋನು ಇನ್ನೂ ಹಳೆಯ ಕೀಲಿಯಲ್ಲೇ ಮಾತಾಡುತ್ತಿದೆ. ರೂಟರಿಗೆ ಅದು ಅರ್ಥವಾಗುವುದಿಲ್ಲ, ಉತ್ತರವೂ ಬರುವುದಿಲ್ಲ. ಸ್ವಲ್ಪ ಹೊತ್ತು ಕಾದು ಅಮ್ಮನ ಫೋನು ಮತ್ತೆ ಹೊಸದಾಗಿ ಸೇರುತ್ತದೆ. ಈಗ ದೊಡ್ಡಮ್ಮನ ಕೀಲಿ ಹೋಯಿತು. ಬಸ್ಸಿನ ಒಂದೇ ಸೀಟಿಗೆ ಕಿಟಕಿಯಿಂದ ಇಬ್ಬರು ಟವಲ್ ಹಾಕಿ, ಒಬ್ಬರದನ್ನು ಒಬ್ಬರು ಎತ್ತಿ ಎಸೆಯುತ್ತಾ ಇದ್ದ ಹಾಗೆ.

ಈಗ ಬೇಕಾಗಿದ್ದದ್ದು ಎರಡು ಫೋನಿನ ಅಸಲಿ ವಿಳಾಸ. ಕೆಲವು ಫೋನಿನ ಡಬ್ಬಿ ಮೇಲಿನ ಸ್ಟಿಕರಿನಲ್ಲಿ ಅದನ್ನೂ ಅಚ್ಚು ಹಾಕಿರುತ್ತಾರೆ. ಅಮ್ಮನ ಡಬ್ಬಿ ಹುಡುಕಿದರೆ ಅದರಲ್ಲಿ ಗುಂಡಿ, ಹುಕ್ಕು, ಪಿನ್ನು ತುಂಬಿತ್ತು. ಸ್ಟಿಕರಿನಲ್ಲಿ ಮೊಬೈಲ್ ನೆಟ್‌ವರ್ಕಿಗೆ ಫೋನಿನ ಗುರುತು ಹೇಳುವ ಐಎಂಇಐ ನಂಬರ್ ಇತ್ತೇ ಹೊರತು ವೈಫೈಯದ್ದಿರಲಿಲ್ಲ. ಕೊನೆಗೆ ಸಿಕ್ಕಿದ್ದು ರೂಟರಿನಲ್ಲೇ. ಹಿಂದೆ ಯಾವಾಗಲೋ ನಾನು ಮ್ಯಾಕ್ ಫಿಲ್ಟರ್ ಹಾಕಿದ್ದೆ. ಪಟ್ಟಿಯಲ್ಲಿರುವ ಫೋನುಗಳಿಗೆ ಮಾತ್ರ ಪ್ರವೇಶ. ಯುಗಾದಿಗೆ ದೊಡ್ಡಮ್ಮ ಬಂದಾಗ ಅವರ ಫೋನನ್ನೂ ಸೇರಿಸಿದ್ದೆ. ಜೂನ್‌ನಲ್ಲಿ ರೋಮ್ ಹಾಕಿದ ಮೇಲೆ ಅಮ್ಮನ ಫೋನು ವೈಫೈಗೆ ಸೇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ವಿಳಾಸ ಬದಲಾಗದೆ ಫಿಲ್ಟರ್ ಯಾಕೆ ತಡೆಯುತ್ತದೆ? ನಾನು ಮಾಡಿದ್ದು ಫಿಲ್ಟರನ್ನೇ ಆಫ್ ಮಾಡುವ ಕೆಲಸ. ಪುಣ್ಯಕ್ಕೆ ಪಟ್ಟಿ ಹಾಗೇ ಉಳಿದಿತ್ತು, ಎರಡು ಅಸಲಿ ವಿಳಾಸವೂ ಅಲ್ಲೇ ಇದ್ದವು.

ಅಸಲಿ ಸಿಗದೇ ಹೋಗಿದ್ದರೂ ದಾರಿ ಇತ್ತು. 02ರಿಂದ ಶುರುವಾಗುವ ಯಾವುದಾದರೂ ವಿಳಾಸವನ್ನು ನಾವೇ ಕೊಟ್ಟುಕೊಳ್ಳಬಹುದು. ಮೊದಲ ಜೋಡಿಯ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯದ್ದಲ್ಲ, ಸ್ಥಳೀಯವಾಗಿ ಇಟ್ಟುಕೊಂಡದ್ದು ಎಂದರ್ಥ. ಆದರೆ ಅದೇ ಮಾಡೆಲ್ ಇರುವ ಗೆಳೆಯನ ಫೋನಿನಿಂದ ಇಎಫ್‌ಎಸ್ ಅಥವಾ ಪರ್ಸಿಸ್ಟ್ ಬ್ಯಾಕಪ್ ತಂದು ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಖಂಡಿತ ಬೇಡ. ಮೊದಲನೆಯದಾಗಿ, ಅವನ ವಿಳಾಸವೇ ನಿಮಗೂ ಬಂದು ಕಥೆ ಮತ್ತೆ ಶುರುವಾಗುತ್ತದೆ. ಇಎಫ್‌ಎಸ್ ಆದರೆ ಐಎಂಇಐಗೂ ಕೈ ಹಾಕಿದಂತೆ. ಅದನ್ನು ತಿದ್ದುವುದು ನಮ್ಮ ದೇಶದಲ್ಲಿ ಅಪರಾಧ.

ದೊಡ್ಡಮ್ಮ ಊರಿಗೆ ಹೋಗುವವರಾದ್ದರಿಂದ ಅವರದನ್ನು ಸರಿಯಾಗಿ ಮಾಡಿದೆ. ರೋಮ್ ಎಲ್ಲಿ ಹುಡುಕುತ್ತದೋ ಅಲ್ಲೇ, ಪರ್ಸಿಸ್ಟ್ ಒಳಗೆ ವಿಳಾಸದ ಫೈಲ್ ಇಟ್ಟೆ. ಅಮ್ಮನದಕ್ಕೆ ಸೋಮಾರಿತನದ ದಾರಿ. ಸೆಟ್ಟಿಂಗ್ ಫೈಲಿನ ಮಾದರಿ ವಿಳಾಸ ಅಳಿಸಿ ಅಸಲಿಯನ್ನು ಬರೆದೆ. ರೀಬೂಟ್ ಮಾಡಿದರೆ ರೂಟರಿನಲ್ಲಿ ಎರಡು ಸಾಲು. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, 'ಅಂದ್ರೆ ಇಷ್ಟು ದಿನ ನನ್ ಫೋನು ನಿಮ್ಮಮ್ಮನ ಹೆಸರಲ್ಲಿ ಓಡಾಡ್ತಿತ್ತೇನೋ?' ಅಂದರು. ಇಬ್ಬರದೂ ಮೂರನೆಯವರ ಹೆಸರಲ್ಲಿ ಎಂದೆ.

ಇವತ್ತು ಇದೇ ತಪ್ಪು ಆದರೂ ಬಹುಶಃ ಯಾರಿಗೂ ಗೊತ್ತಾಗುವುದಿಲ್ಲ. 2019ರ ಆಂಡ್ರಾಯ್ಡ್ 10ರಿಂದ, 2020ರ ಐಓಎಸ್ 14ರಿಂದ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಮನಬಂದ ವಿಳಾಸ ತಾವೇ ಮಾಡಿಕೊಳ್ಳುತ್ತವೆ. 48ರಲ್ಲಿ ಎರಡು ಬಿಟ್ ಗುರುತಿಗೆ ಹೋಗಿ 46 ಬಿಟ್ ಉಳಿಯುತ್ತದೆ, ಸುಮಾರು 70 ಲಕ್ಷ ಕೋಟಿ ಸಾಧ್ಯತೆ. 2011ರ ಜನಗಣತಿಯ ಬೆಂಗಳೂರಿನ ಸುಮಾರು 84 ಲಕ್ಷ ಜನರನ್ನೂ ಒಂದೇ ವೈಫೈಗೆ ಸೇರಿಸಿದರೂ ಯಾರಾದರೂ ಇಬ್ಬರದು ಒಂದೇ ಆಗುವ ಸಂಭವ ನೂರಕ್ಕೆ 40ರ ಆಸುಪಾಸು. ಮನೆಯ ಹತ್ತು ಫೋನಿಗೆ ಆ ಚಿಂತೆಯೇ ಬೇಡ. ಹೊಸ ರೋಮ್ ಹಾಕಿದ ಮೇಲೆ ಇಂಥ ತೊಂದರೆ ಕಂಡರೆ ಮೊದಲು ಈ ರ‍್ಯಾಂಡಮ್ ಮ್ಯಾಕ್ ಆನ್ ಇದೆಯೇ ನೋಡಿ. ಬ್ಲೂಟೂತ್‌ಗೆ ಇದು ಅನ್ವಯಿಸುವುದಿಲ್ಲ. ಅದರ ವಿಳಾಸ ಬೇರೆ, ಮಾದರಿ ವಿಳಾಸದ ಕಾಟವೂ ಬೇರೆ. ಬ್ರಾಡ್‌ಕಾಮ್‌ನ 4330 ಬಿ1 ಚಿಪ್ಪಿಗೆ ಯಾರೂ ವಿಳಾಸ ಕೊಡದಿದ್ದರೆ ಅದು 43:30:ಬಿ1:00:00:00 ಎಂದು ತನ್ನ ಮಾಡೆಲ್ ನಂಬರನ್ನೇ ಹೇಳುತ್ತದೆ. ಹೆಸರೇನಪ್ಪಾ ಎಂದರೆ 'ಮನುಷ್ಯ' ಎಂದ ಹಾಗೆ. ಆಂಡ್ರಾಯ್ಡಿನ ತಳದಲ್ಲಿರುವ ಲಿನಕ್ಸ್ ಅದನ್ನು ವಿಳಾಸವೆಂದು ಒಪ್ಪುವುದಿಲ್ಲ.

ಸೆಟ್ಟಿಂಗ್ ಫೈಲು ರೋಮಿನ ಭಾಗ. ರೋಮ್ ಅಪ್‌ಡೇಟ್ ಆದರೆ ನಾವು ತಿದ್ದಿದ್ದೆಲ್ಲ ಹೋಗುತ್ತದೆ. ಗೊತ್ತಿದ್ದೂ ಅಮ್ಮನ ಫೋನನ್ನು ಹಾಗೇ ಬಿಟ್ಟಿದ್ದೆ. ದೀಪಾವಳಿಯ ಹೊತ್ತಿಗೆ ಒಂದು ಅಪ್‌ಡೇಟ್ ಹಾಕಿದೆ. ಸಂಕ್ರಾಂತಿಗೆ ಎಳ್ಳು ಬೀರಲು ದೊಡ್ಡಮ್ಮ ಬಂದು, ನಾಲ್ಕು ದಿನ ಇದ್ದು, ವಿಡಿಯೋ ಕಾಲ್ ಮಾಡಿಕೊಂಡು ಆರಾಮಾಗಿ ಹೋದರು. ಅವರು ಹೋದ ಮೇಲೆ ಬೇರೇನೋ ಕೆಲಸಕ್ಕೆ ರೂಟರಿನ ಪಟ್ಟಿ ತೆರೆದೆ. ಅಮ್ಮನ ಫೋನಿನ ಮುಂದೆ 00, 0ಎ, ಎಫ್5.