ಫ್ರಿಜ್ ಕಾಪಾಡದ ವರ್ಣತಂತು

ಫ್ರಿಜ್ಜಿನಲ್ಲಿಟ್ಟ ಮಾತ್ರಕ್ಕೆ ದೋಸೆ ಹಿಟ್ಟು ಹುಳಿಯಾಗುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಮೂರನೆಯ ದಿನದ ದೋಸೆ ತಿಂದವರಿಗೆಲ್ಲ ಇದು ಗೊತ್ತು. ಆದರೆ ದೇಹದ ಅಂಗಾಂಶದ ಮಾತು ಬಂದರೆ, ತಣ್ಣಗಿಟ್ಟರೆ ಏನೂ ಕೆಡುವುದಿಲ್ಲ ಎಂದು ಓದಿದವರೂ ನಂಬಿಬಿಡುತ್ತಾರೆ. ಡಿಎನ್‌ಎ ಮಟ್ಟಿಗೆ ಈ ನಂಬಿಕೆ ಹೇಗೋ ನಡೆಯುತ್ತದೆ. ಸಾವಿರಾರು ವರ್ಷ ಹಳೆಯ ಮೂಳೆಯಲ್ಲೂ ಅದರ ಚೂರುಗಳು ಸಿಗುತ್ತವೆ. ಮಿಯಾಸಿಸ್, ಅಂದರೆ ವೀರ್ಯಾಣು, ಅಂಡಾಣುಗಳಿಗಾಗಿ ವರ್ಣತಂತುಗಳ (ಕ್ರೋಮೋಸೋಮ್) ಸಂಖ್ಯೆಯನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯ ಅಧ್ಯಯನದಲ್ಲಿ ನಡೆಯದು. ಅಲ್ಲಿ ನೋಡಬೇಕಾದದ್ದು ವರ್ಣತಂತುಗಳು ವಿಭಜನೆಯ ಗಳಿಗೆಯಲ್ಲಿ ನಿಂತಿದ್ದ ಭಂಗಿಯನ್ನು.

ವೀರ್ಯಾಣು ತಯಾರಾಗುವ ಹಾದಿಯಲ್ಲಿ, ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದ ವರ್ಣತಂತುಗಳು ಜೋಡಿಯಾಗಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಇವೆರಡನ್ನೂ ಪ್ರೋಟೀನಿನ ಹೊಲಿಗೆಯೊಂದು ಉದ್ದಕ್ಕೂ ಹಿಡಿದಿರುತ್ತದೆ. ಅದಲುಬದಲಿನ ಜಾಗಗಳಲ್ಲಿ ಎಂಎಲ್‌ಎಚ್1 ಎಂಬ ಪ್ರೋಟೀನು ಕೂರುತ್ತದೆ. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕಿದರೆ ಅಲ್ಲೆಲ್ಲ ಚುಕ್ಕಿಗಳು ಮಿನುಗುತ್ತವೆ. ಗಂಡಸಿನ ಇಂಥ ಒಂದು ಕೋಶದಲ್ಲಿ ಸರಾಸರಿ ಸುಮಾರು 50.

ಎಣಿಸಬೇಕಾದರೆ ಕೋಶವನ್ನು ಮೊದಲು ತೆಳು ದ್ರಾವಣದಲ್ಲಿ, ಕಡಲೆಕಾಳು ನೆನೆಸಿದಂತೆ, ಉಬ್ಬಿಸಿ ಗಾಜಿನ ಮೇಲೆ ಹರಡಬೇಕು. ಹೊರಪೊರೆ ಗಟ್ಟಿಯಿದ್ದರೆ ತಾನೇ ಉಬ್ಬುವುದು? ರಕ್ತ ನಿಂತ ಅಂಗಾಂಶದಲ್ಲಿ ಆಮ್ಲಜನಕ ಮುಗಿದು, ಶಕ್ತಿ ಬತ್ತಿ, ಆಮ್ಲ ಏರುತ್ತದೆ. ಕೋಶದ ಜೀರ್ಣಕಾರಿ ಕಿಣ್ವಗಳು ಸೋರಿ ಮನೆಯನ್ನೇ ತಿನ್ನತೊಡಗುತ್ತವೆ. ವರ್ಣತಂತುಗಳು ಬೆಂದು ಆರಿದ ಶಾವಿಗೆಯಂತೆ ಮುದ್ದೆಗಟ್ಟುತ್ತವೆ. ಹಾಗಾದರೆ ಹೆಪ್ಪುಗಟ್ಟಿಸೋಣ ಎನ್ನುತ್ತೀರಾ? ಕೊತ್ತಂಬರಿ ಕಟ್ಟನ್ನು ಫ್ರೀಜರಿನಲ್ಲಿಟ್ಟು ತೆಗೆದು ನೋಡಿ. ನೀರು ಮಂಜಿನ ಹರಳಾಗುವಾಗ ಪೊರೆಗಳನ್ನು ಹರಿದಿರುತ್ತದೆ, ಸೊಪ್ಪು ಕಪ್ಪಗೆ ಜೋಲುತ್ತದೆ. ರಕ್ಷಕ ರಾಸಾಯನಿಕ ಹಾಕದೆ ನಿಧಾನವಾಗಿ ಹೆಪ್ಪುಗಟ್ಟಿಸಿದ ಅಂಗಾಂಶದ ಗತಿಯೂ ಅದೇ. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ? ಅದು ಪ್ರೋಟೀನುಗಳ ನಡುವೆ ಸೇತುವೆ ಕಟ್ಟಿ ಎಲ್ಲವನ್ನೂ ಇದ್ದಲ್ಲೇ ಬಿಗಿಯುತ್ತದೆ. ರೋಗಪತ್ತೆಗೆ ವರವೇ ಸರಿ. ಆದರೆ ಬೇಯಿಸಿದ ಮೊಟ್ಟೆಯನ್ನು ಬಾಣಲೆಯಲ್ಲಿ ಹರಡಲಾದೀತೇ?

ಮಾನವನ ವರ್ಣತಂತುಗಳನ್ನು ದಶಕಗಳ ಕಾಲ 48 ಎಂದು ಬರೆದದ್ದಕ್ಕೆ ಸೂಕ್ಷ್ಮದರ್ಶಕವನ್ನು ದೂರುವವರನ್ನು ಕಂಡರೆ ನನಗೆ ರೇಗುತ್ತದೆ. 1923ರಲ್ಲಿ ಆ ಸಂಖ್ಯೆ ಕೊಟ್ಟ ಟೆಕ್ಸಾಸಿನ ಪ್ರಾಣಿಶಾಸ್ತ್ರಜ್ಞ ಥಿಯೋಫಿಲಸ್ ಪೇಂಟರ್ ತಾಜಾ ವೃಷಣವನ್ನೇ ಬಳಸಿದ್ದರು. ಅದು ಮಾನಸಿಕ ಆಸ್ಪತ್ರೆಯಲ್ಲಿ ಬೀಜ ತೆಗೆಸಿಕೊಂಡವರದ್ದು ಎಂಬುದು ಮಾತ್ರ ಇಂದಿಗೂ ಇರಿಯುವ ಸಂಗತಿ. ತಾಜಾತನ ಸಾಲಲಿಲ್ಲ. ತೆಳುವಾಗಿ ಕೊಯ್ದ ಪದರಗಳಲ್ಲಿ ವರ್ಣತಂತುಗಳು ಒಂದರ ಮೇಲೊಂದು ಬಿದ್ದಿದ್ದವು. ತೀರಾ ಸ್ಪಷ್ಟ ಕೋಶಗಳಲ್ಲಿ 46 ಕಾಣುತ್ತದೆ ಎಂದು 1921ರಲ್ಲಿ ಅವರೇ ಬರೆದಿದ್ದರು! 1952ರ ಸುಮಾರಿಗೆ ಕೋಶವಿಜ್ಞಾನಿ ಟಿ.ಸಿ. ಷು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಯಾರೋ ತಪ್ಪಿ ಉಪ್ಪಿನ ದ್ರಾವಣವನ್ನು ತೆಳುವಾಗಿ ಮಾಡಿದ್ದರಿಂದ ವರ್ಣತಂತುಗಳು ಚೆಲ್ಲಾಪಿಲ್ಲಿಯಾಗಿ ಹರಡಿದವು. ಅದೇ ಉಪಾಯ ಬಳಸಿದ ತ್ಯೋ ಮತ್ತು ಲೆವಾನ್ 1956ರಲ್ಲಿ ಸ್ವೀಡನ್ನಿನ ಲುಂಡ್‌ನಿಂದ 46 ಎಂದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಫೋರ್ಡ್ ಮತ್ತು ಹ್ಯಾಮರ್ಟನ್ ವೃಷಣದ ಮಿಯಾಸಿಸ್ ಕೋಶಗಳಲ್ಲಿ 23 ಜೋಡಿ ಎಣಿಸಿದರು.

ಪೂರ್ತಿ ಕೆಟ್ಟ ಕೋಶದಿಂದ ಅಪಾಯವಿಲ್ಲ, ಅದನ್ನು ಕಂಡೊಡನೆ ಎಸೆಯುತ್ತೇವೆ. ಅರೆಕೆಟ್ಟದ್ದು ಮೋಸ ಮಾಡುತ್ತದೆ. ಹೊಲಿಗೆ ಸರಿಯಾಗಿಯೇ ಕಾಣುತ್ತಿರುತ್ತದೆ, ನಾಲ್ಕಾರು ಚುಕ್ಕಿ ಮಾತ್ರ ಮಂಕಾಗಿರುತ್ತವೆ. ಬಂಜೆತನವಿರುವ ಕೆಲವು ಗಂಡಸರಲ್ಲಿ ಚುಕ್ಕಿಗಳು ನಿಜಕ್ಕೂ ಕಡಿಮೆ ಇರುತ್ತವೆ. ಈಗ ರೋಗಿಯ ವೃಷಣದ ತುಣುಕು ಬೇರೆ ಊರಿನಿಂದ ಒಂದು ದಿನ ಪ್ರಯಾಣಿಸಿ ಬಂದು, ಹೋಲಿಕೆಗೆ ಇಟ್ಟ ಆರೋಗ್ಯವಂತನದ್ದು ಪಕ್ಕದ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಬಂದಿದೆ ಎನ್ನಿ. 42 ಎಂಬ ಎಣಿಕೆ ರೋಗದ್ದೋ ರಸ್ತೆಯದ್ದೋ? ಇಂಥ ಪ್ರಬಂಧ ಕೈಗೆ ಬಂದಾಗ ನಾನು ಫಲಿತಾಂಶದ ಕೋಷ್ಟಕವನ್ನು ಆಮೇಲೆ ನೋಡುತ್ತೇನೆ. ಕತ್ತರಿ ಹಾಕಿದ ಗಳಿಗೆಗೂ ಗಾಜಿನ ಮೇಲೆ ಹರಡಿದ ಗಳಿಗೆಗೂ ನಡುವೆ ಎಷ್ಟು ಗಂಟೆ ಕಳೆಯಿತು ಎಂದು ಬರೆದ ಸಾಲನ್ನು ಮೊದಲು ಹುಡುಕುತ್ತೇನೆ.