ಸಂಜೆ ವಿಡಿಯೊ ಕಾಲ್‌ನಲ್ಲಿ ಮುಖ ಕಪ್ಪಾಗಿ ಕಾಣುತ್ತದೆ, ರಿಂಗ್ ಲೈಟ್ ತಗೊಳ್ಳಲಾ?

ಪ್ರಶ್ನೆ: ಆಫೀಸಿನ ಮೀಟಿಂಗ್ ಎಲ್ಲಾ ಸಂಜೆ ಹೊತ್ತು, ಮನೆಯಿಂದಲೇ. ರೂಮಿನಲ್ಲಿ ಟ್ಯೂಬ್‌ಲೈಟ್ ಇದೆ. ಆದರೂ ನನ್ನ ಮುಖ ಮಾತ್ರ ಕಪ್ಪಾಗಿ, ಮಂಕಾಗಿ ಕಾಣುತ್ತದೆ. ನನ್ನ ಬಣ್ಣ ಕಪ್ಪು, ಅದಕ್ಕೇ ಹೀಗಾ? ಸಾವಿರ ರೂಪಾಯಿ ಒಳಗೆ ರಿಂಗ್ ಲೈಟ್, ಅಂದರೆ ಬಳೆ ಆಕಾರದ ದೀಪ, ಸಿಗುತ್ತದೆ ಅಂತಾರೆ. ತಗೊಳ್ಳಲಾ?

ಉತ್ತರ: ಬಣ್ಣದ ಮಾತನ್ನು ಮೊದಲು ಮುಗಿಸಿಬಿಡೋಣ. ನಿಮ್ಮ ಬಣ್ಣದ ತಪ್ಪು ಇದರಲ್ಲಿ ಏನೂ ಇಲ್ಲ. ಎಷ್ಟೋ ಜನ ಹೀಗೆ ತಮ್ಮ ಮುಖವನ್ನೇ ಬೈದುಕೊಂಡು ಕ್ಯಾಮೆರಾ ಆಫ್ ಮಾಡಿ ಕೂರುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಲ್ಯಾಪ್‌ಟಾಪಿನ ಸಾಧಾರಣ ಕ್ಯಾಮೆರಾ ಚಿತ್ರದಲ್ಲಿರುವ ಒಟ್ಟು ಬೆಳಕನ್ನು ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ಚಿತ್ರವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ನಿಮ್ಮ ಬೆನ್ನ ಹಿಂದೆ ಉರಿಯುವ ಟ್ಯೂಬ್ ಇದ್ದರೆ, ಬಿಳಿ ಗೋಡೆ ಹೊಳೆಯುತ್ತಿದ್ದರೆ, 'ಇಲ್ಲಿ ಬೆಳಕು ಜಾಸ್ತಿ ಇದೆ' ಅಂತ ಇಡೀ ಚಿತ್ರವನ್ನೇ ತಗ್ಗಿಸುತ್ತದೆ. ಆಗ ಎದುರಿಗಿರುವ ಮುಖ ಕತ್ತಲಾಗುತ್ತದೆ. ಬೆಳ್ಳಗಿರುವವರನ್ನು ಅದೇ ಜಾಗದಲ್ಲಿ ಕೂರಿಸಿ ನೋಡಿ, ಅವರೂ ಮಸಿ ಬಳಿದ ಹಾಗೇ ಕಾಣುತ್ತಾರೆ.

ರಿಂಗ್ ಲೈಟ್ ವಿಷಯಕ್ಕೆ ಬಂದರೆ, ಈಗಲೇ ತಗೋಬೇಡಿ. ಮೊದಲು ಮೇಜನ್ನು ತಿರುಗಿಸಿ.

ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟ್ ಎಲ್ಲಿರುತ್ತದೆ ಅಂತ ಗಮನಿಸಿದ್ದೀರಾ? ಗೋಡೆಯಲ್ಲಿ, ಏಳೆಂಟು ಅಡಿ ಎತ್ತರದಲ್ಲಿ. ಮೇಜು ಅದರ ಎದುರು ಗೋಡೆಗೆ ತಾಗಿಕೊಂಡಿರುತ್ತದೆ. ಅಲ್ಲಿ ಕೂತರೆ ನಿಮ್ಮ ಬೆನ್ನು ಬೆಳಕಿಗೆ, ಮುಖ ನೆರಳಿಗೆ. ಹಗಲಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತರೂ ಇದೇ ಗತಿ. ಹಗಲಿನ ಮೀಟಿಂಗ್ ಇದ್ದವರು ಕಿಟಕಿಗೆ ಮುಖ ಮಾಡಿ ಕೂತರೆ ಸಾಕು, ಒಂದು ರೂಪಾಯಿಯೂ ಖರ್ಚಿಲ್ಲ. ಬಿಸಿಲು ನೇರ ಮುಖಕ್ಕೆ ಹೊಡೆದರೆ ಒಂದು ತೆಳು ಬಿಳಿ ಪಂಚೆಯನ್ನು ಪರದೆ ಹಾಗೆ ಇಳಿಬಿಡಿ.

ಸಂಜೆಯ ಕಥೆ ಬೇರೆ. ನಮ್ಮ ಅತ್ತಿಗೆ ಶಿವಮೊಗ್ಗದಲ್ಲಿದ್ದಾರೆ. ಸಂಜೆ ಏಳಕ್ಕೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಅವರಲ್ಲಿ ಒಬ್ಬ ಹುಡುಗನಿಗೆ ಕಿವಿ ಸ್ವಲ್ಪ ಮಂದ. ಅವನು ತುಟಿ ನೋಡಿಕೊಂಡು ಪಾಠ ಅರ್ಥ ಮಾಡಿಕೊಳ್ಳುತ್ತಾನೆ. ಒಂದು ದಿನ 'ಮಿಸ್, ನಿಮ್ಮ ಬಾಯಿ ಕಾಣ್ತಾ ಇಲ್ಲ' ಅಂದನಂತೆ. ಅತ್ತಿಗೆ ಅವತ್ತು ರಾತ್ರಿಯೇ ನನಗೆ ಫೋನ್ ಮಾಡಿದರು. ಶನಿವಾರ ಹೋದೆ.

ಮೊದಲು ಅವರ ಹಳೇ ಹೊಲಿಗೆ ಮಷಿನ್ನಿನ ಮೇಜನ್ನು ಎತ್ತಿ ಟ್ಯೂಬ್‌ಲೈಟ್ ಇರುವ ಗೋಡೆಗೇ ತಾಗಿಸಿದೆವು. ಈಗ ಬೆಳಕು ಎದುರಿಗೆ ಬಂತು. ಮುಖ ಕಂಡಿತು, ಆದರೆ ಬೆಳಕು ತೀರಾ ಮೇಲಿಂದ ಬೀಳುತ್ತಿತ್ತು. ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ನೆರಳು. ನಿದ್ದೆಗೆಟ್ಟವರ ಹಾಗೆ ಕಾಣುತ್ತಿದ್ದರು. ಆಮೇಲೆ ಮಗನ ಸ್ಟಡಿ ಲ್ಯಾಂಪ್ ತಂದು ನೇರ ಅವರ ಮುಖಕ್ಕೆ ಹಿಡಿದೆ. 'ಅಯ್ಯೋ ಕಣ್ಣು ಬಿಡೋಕಾಗಲ್ಲ ಕಣೋ' ಅಂದರು. ಹಣೆ ಮಿರಮಿರ ಮಿಂಚುತ್ತಿತ್ತು, ಮೂಗಿನ ನೆರಳು ಕತ್ತರಿಸಿ ಅಂಟಿಸಿದ ಹಾಗೆ ಕೆನ್ನೆ ಮೇಲೆ ಬಿದ್ದಿತ್ತು.

ಆಗ ಲ್ಯಾಂಪಿನ ಕತ್ತನ್ನು ಗೋಡೆ ಕಡೆ ತಿರುಗಿಸಿದೆ. ಇಲ್ಲೇ ಇರೋದು ಗುಟ್ಟು. ಬಲ್ಬು ಚಿಕ್ಕದು, ಅದರ ಬೆಳಕು ಒಂದೇ ಕಡೆಯಿಂದ ಚುಚ್ಚುತ್ತದೆ, ನೆರಳು ಗಟ್ಟಿಯಾಗಿ ಬೀಳುತ್ತದೆ. ಅದೇ ಬೆಳಕು ಗೋಡೆಗೆ ಬಡಿದು ವಾಪಸ್ ಬಂದರೆ, ಎರಡು ಮೂರು ಅಡಿ ಅಗಲದ ಗೋಡೆಯೇ ದೀಪವಾಗುತ್ತದೆ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳು ಮೆತ್ತಗಾಗುತ್ತದೆ. ಮೋಡ ಕವಿದ ದಿನ ಅಂಗಳದಲ್ಲಿ ನಿಂತರೆ ನೆರಳೇ ಬೀಳುವುದಿಲ್ಲ ಅಲ್ವಾ, ಹಾಗೆ.

ಆದರೆ ಅತ್ತಿಗೆ ಮನೆ ಗೋಡೆಗೆ ತಿಳಿ ಹಸಿರು ಪೇಂಟ್. ಗೋಡೆಯ ಬಣ್ಣವನ್ನೂ ಹೊತ್ತುಕೊಂಡು ಬೆಳಕು ಮುಖಕ್ಕೆ ಬಂತು. ಒಂದು ವಾರ ಜ್ವರದಲ್ಲಿ ಮಲಗಿ ಎದ್ದವರ ಬಣ್ಣ. ಕೊನೆಗೆ ಮೂಲೆಯ ಸ್ಟೇಷನರಿ ಅಂಗಡಿಯಿಂದ ಎರಡು ಬಿಳಿ ಚಾರ್ಟ್ ಪೇಪರ್ ತಂದು ಗೋಡೆಗೆ ಟೇಪ್ ಹಾಕಿ ಅಂಟಿಸಿದೆವು. ಲ್ಯಾಂಪನ್ನು ಲ್ಯಾಪ್‌ಟಾಪಿನ ಹಿಂದೆ, ಸ್ವಲ್ಪ ಎಡಕ್ಕೆ ಇಟ್ಟು, ಬೆಳಕನ್ನು ಆ ಹಾಳೆಗೆ ಬಿಟ್ಟೆವು. ಮುಖ ಮುಖದ ಹಾಗೆ ಬಂತು, ತುಟಿ ಸ್ಪಷ್ಟವಾಗಿ ಕಂಡಿತು. ಸೋಮವಾರದ ಕ್ಲಾಸಿನಲ್ಲಿ ಆ ಹುಡುಗ ಹೆಬ್ಬೆರಳು ಎತ್ತಿ ತೋರಿಸಿದನಂತೆ. ಥರ್ಮಾಕೋಲ್ ಶೀಟ್ ಇದ್ದರೆ ಇನ್ನೂ ಒಳ್ಳೆಯದು, ಬೇಕಾದ ಕಡೆ ವಾಲಿಸಿ ನಿಲ್ಲಿಸಬಹುದು.

'ಒಂದು ಸಣ್ಣ ಲ್ಯಾಂಪ್ ಸಾಕಾ?' ಅಂತ ಕೇಳಬಹುದು. ಹತ್ತಿರ ಇದ್ದರೆ ಸಾಕು. ಚಿಕ್ಕ ದೀಪವನ್ನು ಇದ್ದ ದೂರದ ಅರ್ಧಕ್ಕೆ ತಂದರೆ ಮುಖಕ್ಕೆ ಬೀಳುವ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಎಂಟು ಅಡಿ ದೂರದಲ್ಲಿದ್ದ ಬಲ್ಬನ್ನು ಎರಡು ಅಡಿಗೆ ತಂದರೆ ಹದಿನಾರು ಪಟ್ಟು. ಹಾಗಾಗಿ ದೊಡ್ಡ ವಾಟಿನ ಬಲ್ಬಿಗೆ ದುಡ್ಡು ಸುರಿಯುವ ಬದಲು ಇರುವ ದೀಪವನ್ನೇ ಹತ್ತಿರ ಎಳೆದುಕೊಳ್ಳಿ.

ಬಲ್ಬ್ ಕೊಳ್ಳುವಾಗ ಮಾತ್ರ ಪೆಟ್ಟಿಗೆ ಮೇಲಿನ ಅಕ್ಷರ ಓದಿ. ಮನೆಗಳಲ್ಲಿ ಹಾಕುವ 9 ವಾಟಿನ ಎಲ್‌ಇಡಿ ಬಲ್ಬ್ ಸುಮಾರು 900 ಲ್ಯೂಮೆನ್ ಬೆಳಕು ಕೊಡುತ್ತದೆ. ಗೋಡೆಗೆ ಬಿಟ್ಟು ಬಳಸಲು ಅಷ್ಟು ಸಾಕು. ಬೆಲೆ ನೂರು ರೂಪಾಯಿ ಆಸುಪಾಸು. ಅಂಗಡಿಯಲ್ಲಿ ಸುಮ್ನೆ 'ಬಲ್ಬ್ ಕೊಡಿ' ಅಂದರೆ ಸಾಮಾನ್ಯವಾಗಿ 6500 ಕೆ ಬಲ್ಬ್ ಕೊಡುತ್ತಾರೆ, ಪೆಟ್ಟಿಗೆ ಮೇಲೆ ಕೂಲ್ ಡೇಲೈಟ್ ಅಂತ ಇರುತ್ತದೆ. ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣ ಹೇಳುವ ಅಳತೆ. 6500 ಕೆ ನೀಲಿ ಕಡೆಗೆ ವಾಲುವ ಬಿಳಿ. 2700 ಅಥವಾ 3000 ಕೆ ಇದ್ದರೆ ಹಳೇ ಬುರುಡೆ ಬಲ್ಬಿನ ಹಳದಿ. ನೀವು 4000 ಕೆ ಕೇಳಿ ತಗೊಳ್ಳಿ, ನ್ಯಾಚುರಲ್ ವೈಟ್ ಅಂತ ಬರೆದಿರುತ್ತಾರೆ. ಮುಖ್ಯವಾಗಿ, ರೂಮಿನಲ್ಲಿ ಎರಡು ಬಣ್ಣದ ದೀಪ ಒಟ್ಟಿಗೆ ಬೇಡ. ಒಂದು ಕೆನ್ನೆ ಹಳದಿ, ಇನ್ನೊಂದು ಕೆನ್ನೆ ನೀಲಿ ಆದರೆ ಕ್ಯಾಮೆರಾ ಯಾವುದನ್ನು ಸರಿ ಮಾಡಬೇಕು? ಟ್ಯೂಬ್ 6500 ಕೆ ಇದ್ದು ಅದನ್ನು ಆರಿಸಲು ಆಗದಿದ್ದರೆ, ಲ್ಯಾಂಪಿಗೂ 6500 ಕೆ ಬಲ್ಬನ್ನೇ ಹಾಕಿ.

ಪೆಟ್ಟಿಗೆಯಲ್ಲಿ ಸಿಆರ್‌ಐ ಅನ್ನುವ ಇನ್ನೊಂದು ಅಂಕಿ ಇರುತ್ತದೆ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅಂತ ಅದು ಹೇಳುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಇದು ಬಹಳ ಮುಖ್ಯ. ಬಿಳಿ ಎಲ್‌ಇಡಿಯ ಒಳಗಿರುವುದು ಸಾಮಾನ್ಯವಾಗಿ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಲೇಪ ಕೊಟ್ಟು ಬಿಳಿ ಬೆಳಕು ಬರಿಸುತ್ತಾರೆ. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ತೀರಾ ಕಡಿಮೆ. ನಮ್ಮ ಚರ್ಮಕ್ಕೆ ಜೀವಕಳೆ ಕೊಡುವುದೇ ಆ ಕೆಂಪು. ಅದಿಲ್ಲದ ಬೆಳಕಿನಲ್ಲಿ ಕಂದು ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಸಿಆರ್‌ಐ 100 ಅಂದರೆ ಪೂರ್ತಿ ಅಂಕ. 80 ಇದ್ದರೆ ಪರವಾಗಿಲ್ಲ, 90 ಸಿಕ್ಕರೆ ಐವತ್ತು ಅರವತ್ತು ರೂಪಾಯಿ ಜಾಸ್ತಿ ಆದರೂ ಬಿಡಬೇಡಿ. ಅಂಕಿಯನ್ನೇ ಬರೆಯದ ಬಲ್ಬನ್ನು ಈ ಕೆಲಸಕ್ಕೆ ತಗೋಬೇಡಿ.

ಇನ್ನೊಂದು ತೊಂದರೆ, ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಓಡುವುದು. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ ಐವತ್ತು ಸುತ್ತು, ಪ್ರತಿ ಸುತ್ತಿನಲ್ಲೂ ಎರಡು ಸಲ ಏರಿಳಿತ. ಹಾಗಾಗಿ ಕಳಪೆ ಬಲ್ಬ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾ ಹಿಡಿದುಬಿಡುತ್ತದೆ. ಅಂಗಡಿಯಲ್ಲಿ ಬಲ್ಬ್ ಹಚ್ಚಿ ತೋರಿಸುತ್ತಾರಲ್ಲ, ಆಗ ಫೋನಿನ ಸ್ಲೋ ಮೋಷನ್‌ನಲ್ಲಿ ಒಮ್ಮೆ ನೋಡಿ. ಮಿಣಮಿಣ ಅಂದರೆ ಬೇರೆ ಕೇಳಿ. ಮನೆಯಲ್ಲಿ ಈಗಾಗಲೇ ಪಟ್ಟಿ ಬರುತ್ತಿದ್ದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫ್ಲಿಕರ್ ಅನ್ನುವ ಕಡೆ 50 ಆಯ್ಕೆ ಮಾಡಿ. ಅಮೆರಿಕದಲ್ಲಿರುವ ನಮ್ಮವರು 60 ಇಟ್ಟುಕೊಳ್ಳಬೇಕು, ಅಲ್ಲಿಯ ಕರೆಂಟೇ ಹಾಗೆ. ಇದರ ಜೊತೆ ಫ್ಯಾನ್ ಕಡೆಗೂ ಕಣ್ಣಿಡಿ. ಸೀಲಿಂಗ್ ಲೈಟಿನ ಕೆಳಗೆ ಫ್ಯಾನ್ ತಿರುಗುತ್ತಿದ್ದರೆ ರೆಕ್ಕೆಯ ನೆರಳು ಮುಖದ ಮೇಲೆ ಪಟಪಟ ಹಾಯುತ್ತದೆ. ಬಲ್ಬ್ ಬದಲಿಸಿದರೆ ಅದು ಹೋಗುವುದಿಲ್ಲ, ಆ ಲೈಟನ್ನೇ ಆರಿಸಬೇಕು.

ಈಗ ರಿಂಗ್ ಲೈಟ್. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮೇಜು ತಿರುಗಿಸಲು ಜಾಗವೇ ಇಲ್ಲದ ಪೇಯಿಂಗ್ ಗೆಸ್ಟ್ ರೂಮಿನಲ್ಲಿರುವವರಿಗೆ, ಎದುರಿಗೆ ಗೋಡೆಯೇ ಇಲ್ಲದವರಿಗೆ ಹತ್ತು ಇಂಚಿನದು ಉಪಯೋಗಕ್ಕೆ ಬರುತ್ತದೆ. ಆರು ಇಂಚಿಗಿಂತ ಚಿಕ್ಕದು ದಂಡ, ಅದರಿಂದ ಬರುವುದು ಅದೇ ಚುಚ್ಚುವ ಬೆಳಕು. ಕನ್ನಡಕ ಹಾಕುವವರು ಎರಡು ಸಲ ಯೋಚಿಸಿ. ಎರಡೂ ಗಾಜಿನಲ್ಲಿ ಒಂದೊಂದು ಬಿಳಿ ಬಳೆ ಹೊಳೆಯುತ್ತಾ ಕೂರುತ್ತದೆ, ಎದುರಿನವರಿಗೆ ನಿಮ್ಮ ಕಣ್ಣೇ ಕಾಣುವುದಿಲ್ಲ. ಯಾವ ದೀಪವೇ ಇರಲಿ, ಹುಬ್ಬಿಗಿಂತ ಒಂದು ಗೇಣು ಮೇಲಕ್ಕೆತ್ತಿ, ಪಕ್ಕಕ್ಕೆ ಸರಿಸಿ. ಗಾಜಿನ ಹೊಳಪು ಜಾರಿ ಹೋಗುತ್ತದೆ.

ರಿಂಗ್ ಲೈಟ್ ತಗೊಂಡರೆ ಅದರ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಬೇಡಿ. ಹಳೇ ಯುಎಸ್‌ಬಿ ಪೋರ್ಟಿನಿಂದ ಸಿಗುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್. ಹತ್ತು ವಾಟಿನ ಲೈಟ್ ಅದರಲ್ಲಿ ಮಂಕಾಗಿ ಉರಿಯುತ್ತದೆ, ಇಲ್ಲವೇ ಆರಿ ಆರಿ ಹತ್ತುತ್ತದೆ. 'ಲೈಟ್ ಸರಿಯಿಲ್ಲ' ಅಂತ ವಾಪಸ್ ಕಳಿಸುವ ಮೊದಲು ಮೊಬೈಲಿನ 2 ಆಂಪಿಯರ್ ಚಾರ್ಜರಿಗೆ ಹಾಕಿ ನೋಡಿ. ಪವರ್ ಬ್ಯಾಂಕಿನಲ್ಲೂ ಉರಿಯುತ್ತದೆ. ಸಂಜೆ ಮೀಟಿಂಗ್ ಮಧ್ಯೆ ಕರೆಂಟ್ ಹೋಗುವ ಊರಿನಲ್ಲಿದ್ದರೆ ಇದೊಂದು ದೊಡ್ಡ ಅನುಕೂಲ. ಯುಎಸ್‌ಬಿಯಲ್ಲಿ ಉರಿಯುವ ಸ್ಟಡಿ ಲ್ಯಾಂಪ್ ಕೂಡ ಸಿಗುತ್ತದೆ. ನನ್ನನ್ನು ಕೇಳಿದರೆ ನಿಮ್ಮ ಸಾವಿರದಲ್ಲಿ ಅಂಥದೊಂದನ್ನು ಮತ್ತು ಎರಡು ಚಾರ್ಟ್ ಪೇಪರ್ ತಗೊಳ್ಳಿ, ಉಳಿದ ದುಡ್ಡು ಜೇಬಿನಲ್ಲಿರಲಿ.