ಜೋಳದ ರೊಟ್ಟಿ ಸುರುಳಿ ಸುತ್ತಿದರೆ

ಬೆಳಗ್ಗೆ ಬಡಿದ ಜೋಳದ ರೊಟ್ಟಿಯನ್ನು ಮಧ್ಯಾಹ್ನ ಸುರುಳಿ ಸುತ್ತಲು ಹೋಗಬೇಡಿ, ಹರಿಯುತ್ತದೆ. ವಿಜಯಪುರದ ನಮ್ಮ ಅಡುಗೆಮನೆಯಲ್ಲಿ ಹೋದ ವಾರ ನಾನು ಮಾಡಿದ್ದು ಅದನ್ನೇ. ಮಗಳಿಗೆ ಎಂಚಿಲಾಡಾ ಬೇಕಿತ್ತು, ಅಂದರೆ ಹೂರಣ ತುಂಬಿ ಸುರುಳಿ ಸುತ್ತಿ ಖಾರದ ಸಾಸು ಹಚ್ಚಿದ ಮೆಕ್ಸಿಕೋದ ತಿನಿಸು. ಏರ್ ಫ್ರೈಯರ್ ಮನೆಗೆ ಬಂದು ಎರಡು ತಿಂಗಳಾಗಿದ್ದರೂ ಹಪ್ಪಳ, ಶೇಂಗಾ ಬಿಟ್ಟರೆ ಅದರಲ್ಲಿ ಬೇರೇನೂ ಆಗಿರಲಿಲ್ಲ. ಅದಕ್ಕೆ ಬೇಕಾದ ಟಾರ್ಟಿಯಾ ಎಂಬ ಮೆಕ್ಸಿಕೋದ ರೊಟ್ಟಿ ಹುಡುಕಿಕೊಂಡು ಯಾರು ಅಲೆಯುತ್ತಾರೆ? ಬುಟ್ಟಿಯಲ್ಲಿ ರೊಟ್ಟಿ ಇತ್ತು. ಮಡಕಿ ಕಾಳಿನ ಪಲ್ಯ ಇಟ್ಟು ಸುತ್ತಿದೆ. ನಟ್ಟನಡುವೆ ಸೀಳಿತು. ಬಾಗಿಲಲ್ಲಿ ನಿಂತಿದ್ದ ಅವ್ವ, "ತಣ್ಣನ ರೊಟ್ಟಿ ಮಡಚಾಕ ಬರತೈತೇನು? ಬಿಸಿ ಮಾಡ್ಕೊ ಮದ್ಲ" ಅಂದಳು.

ಅವ್ವ ಹೇಳಿದ್ದು ಸರಿ. ಯಾಕೆ ಸರಿ ಅನ್ನೋದು ಸ್ವಲ್ಪ ಉದ್ದದ ಕಥೆ.

ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇದೆ, ರಬ್ಬರಿನಂತೆ ಎಳೆಯುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದು. ಬಿಸಿನೀರಿಗೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಅಂಟಾಗುತ್ತವೆ. ಹಿಟ್ಟನ್ನು ಹಿಡಿದಿಡುವುದು ಆ ಅಂಟು. ಹಂಚಿನಿಂದ ಇಳಿದ ರೊಟ್ಟಿ ಮೆತ್ತಗಿರುವುದೂ ಅದರಿಂದಲೇ. ಆರುತ್ತಾ ಹೋದಂತೆ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಒತ್ತಿಕೊಂಡು ಗಟ್ಟಿ ಸಾಲು ಕಟ್ಟುತ್ತವೆ. ರೊಟ್ಟಿ ಬಿರುಸಾಗುವುದು ಬರೀ ನೀರು ಆರಿ ಅಲ್ಲ. ಡಬ್ಬಿಯಲ್ಲಿ ಮುಚ್ಚಿಟ್ಟರೂ ಬಿರುಸಾಗುತ್ತದೆ, ನೋಡಿರಬಹುದು. ಒಳಗೆ ನೀರಿದ್ದರೆ 60-70 ಡಿಗ್ರಿಗೆ ಬಿಸಿ ಮಾಡಿ, ಆ ಸಾಲುಗಳು ಬಹುಪಾಲು ಬಿಚ್ಚುತ್ತವೆ. ಕಡಕ್ ರೊಟ್ಟಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅದರಲ್ಲಿ ನೀರೇ ಇಲ್ಲ. ವಾರಗಟ್ಟಲೆ ಕೆಡದೆ ಉಳಿಯುವುದೂ ಅದಕ್ಕೇ.

ಮೆಕ್ಸಿಕೋದವರ ಟಾರ್ಟಿಯಾದ್ದೂ ಇದೇ ಪಾಡು. ಅದು ಗೋವಿನಜೋಳದ್ದು, ಅದರಲ್ಲೂ ಗ್ಲುಟೆನ್ ಇಲ್ಲ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ನಾವು ಎಲೆಗೆ ಹಚ್ಚುತ್ತೇವಲ್ಲ, ಅದೇ ಜಾತಿಯ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸಿಪ್ಪೆ ಸಡಿಲವಾಗುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ. ಇನ್ನೊಂದು ದೊಡ್ಡ ಲಾಭವೂ ಇದೆ: ಕಾಳಿನಲ್ಲಿ ಸಿಕ್ಕಿಬಿದ್ದ ನಿಯಾಸಿನ್ ಎಂಬ ಬಿ ವಿಟಮಿನ್ ಬಿಡುಗಡೆಯಾಗುತ್ತದೆ. ಗೋವಿನಜೋಳ ಇಟಲಿಗೆ, ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋಯಿತು, ಸುಣ್ಣ ಜೊತೆಗೆ ಹೋಗಲಿಲ್ಲ. ಅಲ್ಲಿನ ಬಡವರಿಗೆ ಚರ್ಮ ಕಪ್ಪಾಗಿ ಒಡೆಯುವ, ಬುದ್ಧಿಭ್ರಮಣೆಯವರೆಗೂ ಒಯ್ಯುವ ಪೆಲಾಗ್ರಾ ರೋಗ ಬಂತು. ನಮ್ಮ ದಖ್ಖನ್ನಿನಲ್ಲಿ ಬರೀ ಜೋಳ ತಿಂದು ಬದುಕುವ ಬಡವರಲ್ಲೂ ಅದು ಕಾಣಿಸಿಕೊಂಡಿತ್ತು. ಹೈದರಾಬಾದಿನಲ್ಲಿದ್ದ ಆಹಾರ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ಅದರ ಬಗ್ಗೆ ಬರೆದರು. ಜೋಳದಲ್ಲಿ ಜಾಸ್ತಿ ಇರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಮೇಲೆ ಅವರಿಗೆ ಅನುಮಾನವಿತ್ತು. ರೊಟ್ಟಿ ಜೊತೆ ಕಾಳು, ಶೇಂಗಾ ಹಿಂಡಿ, ಮೊಸರು ಇರುವ ತಾಟಿಗೆ ಆ ಭಯವಿಲ್ಲ.

ಎಂಚಿಲಾಡಾ ಎಂಬ ಹೆಸರಿನಲ್ಲೇ ಮೆಣಸಿನಕಾಯಿ ಇದೆ. ಸ್ಪ್ಯಾನಿಷಿನಲ್ಲಿ ಎಂಚಿಲಾರ್ ಅಂದರೆ ಮೆಣಸಿನಕಾಯಿ ಹಚ್ಚುವುದು. ಟಾರ್ಟಿಯಾವನ್ನು ಬಿಸಿ ಎಣ್ಣೆಯಲ್ಲಿ ಒಂದು ಕ್ಷಣ ಅದ್ದಿ, ಖಾರದ ಸಾಸಿನಲ್ಲಿ ಹೊರಳಿಸಿ, ಆಮೇಲೆ ಸುತ್ತುತ್ತಾರೆ. ಎಣ್ಣೆಯ ಬಿಸಿಗೆ ಪಿಷ್ಟ ಸಡಿಲ, ಎಣ್ಣೆಯ ಪದರಕ್ಕೆ ಸಾಸು ಬೇಗ ಒಳಗಿಳಿಯುವುದಿಲ್ಲ. ಒಂದೇ ಅದ್ದಿಗೆ ಎರಡು ಕೆಲಸ. ನಾನು ಸಾಸಿಗೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ, ಎಣ್ಣೆಯಲ್ಲಿ ಹುರಿದೆ. ಅದರ ಕೆಂಪು ಬಣ್ಣವೂ ಖಾರವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ.

ಇನ್ನು ಯಂತ್ರ. ಹೆಸರಿನಲ್ಲಿ ಫ್ರೈ ಇದ್ದರೂ ಅದು ಕರಿಯುವುದಿಲ್ಲ, ಒಣಗಿಸುತ್ತದೆ. ಮೇಲೊಂದು ಕಾಯುವ ಕಾಯಿಲ್, ಅದರ ಮೇಲೊಂದು ಫ್ಯಾನ್, ಅಷ್ಟೇ. ಫಿಲಿಪ್ಸ್ 2010ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನಮ್ಮೂರಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿದವರಿಗೆ ಇದರ ಗುಟ್ಟು ಗೊತ್ತು. ಬಿಸಿಲು ಅಷ್ಟೇ ಇದ್ದರೂ ಗಾಳಿ ಬೀಸುವ ದಿನ ಬೇಗ ಒಣಗುತ್ತವೆ. ಒದ್ದೆ ಬಟ್ಟೆಗೆ ಅಂಟಿಕೊಂಡು ಒಂದು ತೇವದ ಗಾಳಿಪದರ ಇರುತ್ತದೆ, ಬೀಸುವ ಗಾಳಿ ಅದನ್ನು ಒರೆಸಿಕೊಂಡು ಹೋಗುತ್ತದೆ. ಏರ್ ಫ್ರೈಯರಿನ ಫ್ಯಾನು 180 ಡಿಗ್ರಿಯ ಗಾಳಿಯಿಂದ ಅದನ್ನೇ ಮಾಡುತ್ತದೆ.

ಒದ್ದೆ ಇರುವ ಜಾಗ ಎಷ್ಟು ಕಾಯಿಸಿದರೂ 100 ಡಿಗ್ರಿ ಹತ್ತಿರವೇ ನಿಲ್ಲುತ್ತದೆ, ಬಂದ ಶಾಖವೆಲ್ಲ ನೀರನ್ನು ಆವಿ ಮಾಡಲು ಖರ್ಚು. ನೀರು ಆರಿದ ಮೇಲೆ ಉಷ್ಣತೆ ಏರುತ್ತದೆ, 140 ದಾಟಿದರೆ ಕಂದು ಬಣ್ಣ, ಹುರಿದ ವಾಸನೆ. ಅದು ಮಯಾರ್ ಕ್ರಿಯೆ. ಫ್ರಾನ್ಸಿನ ಲೂಯಿ ಕಾಮಿಯ್ ಮಯಾರ್ 1912ರಲ್ಲಿ ಅದನ್ನು ವಿವರಿಸಿದ. ಒಂದು ಲೆಕ್ಕ: 50 ಗ್ರಾಂ ನೀರು ಆವಿಯಾಗಲು ಸುಮಾರು 113 ಕಿಲೋಜೂಲ್ ಬೇಕು. ನಮ್ಮದು 1400 ವ್ಯಾಟಿನ ಯಂತ್ರ. ಒಂದಿಷ್ಟೂ ಶಾಖ ಪೋಲಾಗದಿದ್ದರೆ 80 ಸೆಕೆಂಡಿನ ಕೆಲಸ. ಪೋಲಾಗದೆ ಇರುತ್ತಾ?

ಈ ಲೆಕ್ಕವೆಲ್ಲ ಹಾಕಿದ್ದು ಎರಡು ಸಲ ಕೆಟ್ಟ ಮೇಲೆ. ಮೊದಲ ಸಲ ಸುರುಳಿಗಳನ್ನು ತೂತಿನ ಬುಟ್ಟಿಯಲ್ಲೇ ಇಟ್ಟೆ. ಸಾಸು ಕೆಳಗೆ ಸೋರಿ ಹೊಗೆ ಎದ್ದಿತು. ಮೇಲಿನ ಅಂಚು ಫ್ಯಾನಿನ ಗಾಳಿಗೆ ಎದ್ದು ಕಾಯಿಲಿಗೆ ತಾಗಿ ಕರಕಲಾಯಿತು. ಎರಡನೇ ಸಲ ಸ್ಟೀಲ್ ಡಬ್ಬಿಯಲ್ಲಿಟ್ಟು ಮೇಲೆ ಪನೀರು ತುರಿದೆ. ಅದು ಕರಗಲೇ ಇಲ್ಲ, ಸುಮ್ನೆ ಒಣಗಿ ರಬ್ಬರಾಯಿತು. ನನ್ನದೇ ತಪ್ಪು. ಪನೀರು ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದ್ದು, ಹಾಗೆ ಗಟ್ಟಿಯಾದ ಪ್ರೋಟೀನು ಕಾಯಿಸಿದರೆ ಹರಿಯುವುದಿಲ್ಲ. ಚೀಸ್ ಬೇರೆ ರೀತಿ ಕಟ್ಟಿದ್ದು, ಅದು ಹರಿಯುತ್ತದೆ.

ಮೂರನೇ ಸಲ ಅವ್ವನ ಮಾತು ಕೇಳಿದೆ. ರೊಟ್ಟಿಗೆ ನೀರು ಚಿಮುಕಿಸಿ ಹಂಚಿನ ಮೇಲೆ ಬಿಸಿ ಮಾಡಿ, ಎಣ್ಣೆ ಸವರಿ, ಬಿಸಿ ಇರುವಾಗಲೇ ಸುತ್ತಿದೆ. ಸಾಸು, ಚೀಸ್ ಹಾಕಿ, ಡಬ್ಬಿಯ ಮೇಲೆ ಸಣ್ಣ ತಾಟು ಮುಚ್ಚಿ ಐದು ನಿಮಿಷ ಇಟ್ಟೆ. ಫಾಯಿಲ್ ಆದರೆ ಗಾಳಿಗೆ ಹಾರುತ್ತೆ, ತಾಟು ಹಾರಲ್ಲ. ಒಳಗಿನ ಆವಿ ಅಲ್ಲೇ ನಿಂತು ರೊಟ್ಟಿ ಮೆತ್ತಗಾಯಿತು. ಆಮೇಲೆ ತಾಟು ತೆಗೆದು ನಾಲ್ಕು ನಿಮಿಷ. ಸಾಸು ತಾಗದ ತುದಿಗಳು ಮೊದಲು ಒಣಗಿ ಕಂದಾದವು. ನಡುಭಾಗ ಸಾಸಿನ ಕೆಳಗೆ ಒದ್ದೆಯಾಗೇ ಉಳಿಯಿತು.

ಅವ್ವ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಕಟಕ್ ಅಂತ ಸದ್ದು ಬಂತು. "ಕಡಕ್ ಐತಿ" ಅಂದಳು. ನಡುವಿನ ತುಂಡು ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಶೇಂಗಾ ಹಿಂಡಿಯ ಡಬ್ಬಿ ಕಡೆ ಕೈ ಚಾಚಿದಳು.